ಅವ್ವ ಆರಿಸಿದ ಚಿಕ್ಕವ್ವ

ನನ್ನ ಅವ್ವ ತಾನು ಬದುಕಿರುವಾಗಲೇ ಅಪ್ಪನಿಗೆ ಎರಡನೆಯ ಹೆಂಡತಿಯನ್ನು ಹುಡುಕಿದಳು. ಇದನ್ನು ಹೇಳಿದರೆ ಈಗಿನವರು ಮೂಗಿನ ಮೇಲೆ ಬೆರಳಿಡುತ್ತಾರೆ. ಇಡಲಿ. ಹೊಟ್ಟೆಯ ಗಡ್ಡೆ ಇನ್ನು ವಾಸಿಯಾಗುವುದಲ್ಲ ಎಂದು ಮಧುಗಿರಿ ಆಸ್ಪತ್ರೆಯ ಡಾಕ್ಟರು ಕೈಚೆಲ್ಲಿದಾಗ ನನಗೆ ಎಂಟು ವರ್ಷ, ತಮ್ಮ ಆಗತಾನೆ ಗೋಡೆ ಹಿಡಿದು ನಡೆಯುತ್ತಿದ್ದ. ಅಪ್ಪನಿಗೆ ಇನ್ನೂ ಎಳೆ ವಯಸ್ಸು. ಮತ್ತೆ ಮದುವೆಯಾಗುವುದು ಖಂಡಿತ. ಬರುವವಳು ಯಾರು ಎಂಬುದನ್ನು ಊರವರ ಬಾಯಿಗೆ ಬಿಡಲು ಅವ್ವ ತಯಾರಿರಲಿಲ್ಲ.

ಹುಣಿಸೆಯ ಕಾಲ ಅದು. ಹಣ್ಣು ಕುಟ್ಟಿ ಬೀಜ ತೆಗೆಯಲು ಆಳು ಸಾಲದು ಎಂಬ ನೆಪ ಹೂಡಿ, ನೆಂಟರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆಸಿದಳು. ಒಬ್ಬಳು ಚನ್ನರಾಯನದುರ್ಗದವಳು, ಅವ್ವನ ಚಿಕ್ಕಪ್ಪನ ಮಗಳು. ಇನ್ನೊಬ್ಬಳು ತೋವಿನಕೆರೆಯವಳು, ದೂರದ ಸಂಬಂಧ. ತಾಯಿಯಿಲ್ಲದೆ ತಮ್ಮಂದಿರನ್ನು ಸಾಕುತ್ತ ಮದುವೆಯ ವಯಸ್ಸು ಮೀರಿದ್ದಳು. ಅವ್ವ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿ ಇಬ್ಬರನ್ನೂ ನೋಡುತ್ತಿದ್ದಳು.

ಚನ್ನರಾಯನದುರ್ಗದವಳು ನಮ್ಮನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಚಿನ್ನ, ರನ್ನ ಎಂದು ಮುದ್ದಿಸುವಳು. ನಾನು ಅವಳಿಗೇ ಮರುಳಾಗಿದ್ದೆ. ಒಂದು ಮಧ್ಯಾಹ್ನ ತಮಾಷೆಗೆಂದು ತಮ್ಮನ ಬಾಯಿಗೆ ಹುಣಿಸೆಬೀಜ ಹಾಕುತ್ತಿದ್ದೆ. ತೋವಿನಕೆರೆಯವಳು ಕುಟ್ಟುವುದನ್ನು ಬಿಟ್ಟು ಎದ್ದುಬಂದು, ಮಗುವಿನ ಬಾಯಿಗೆ ಬೆರಳು ಹಾಕಿ ಬೀಜ ತೆಗೆದು, ನನ್ನ ಬೆನ್ನಿಗೊಂದು ಬಿಟ್ಟಳು. “ಗಂಟಲಿಗೆ ಸಿಕ್ಕಂಡ್ರೆ ಏನೇ ಮಾಡ್ತಿದ್ದೆ, ಲೇ? ಬುದ್ಧಿ ಬ್ಯಾಡ್ವಾ?” ಎಂದಳು. ನಾನು ಊರು ಕೇಳುವ ಹಾಗೆ ಅತ್ತೆ.

ಅಪ್ಪನ ತಾಯಿ, ನನ್ನ ಅಜ್ಜಿ, ಕೆಂಡವಾದಳು. “ತಾಯಿ ಕಣ್ಣೆದುರಿಗೇ ಹೊಡೀತಾಳೆ, ನಾಳೆ ಸಾಯಿಸೇಬುಡ್ತಾಳೆ” ಎಂದಳು.

“ನನ್ನೆದುರಿಗೆ ಗದರೋಳು ನಾನಿಲ್ದಾಗ್ಲೂ ಗದರ್ತಾಳೆ, ಅಷ್ಟೇಯ ಅತ್ತೆ,” ಎಂದಳು ಅವ್ವ. “ನನ್ನೆದುರಿಗೆ ಮುದ್ದು ಮಾಡೋಳು ಆಮೇಲೆ ಏನ್ ಮಾಡ್ತಾಳೋ ಕಂಡೋರ್ಯಾರು?”

ತೋವಿನಕೆರೆಗೆ ಹೇಳಿಕಳಿಸಿ ಮಾತು ಗಟ್ಟಿ ಮಾಡಿದ್ದಾಯಿತು. ಇನ್ನು ಆಸ್ತಿಯ ಮಾತು. ಹೊಲ ಹೇಗೂ ಗಂಡುಮಗನದು. ಹೆಣ್ಣಾದ ನನ್ನ ಪಾಲಿಗೆ ಇದ್ದದ್ದು ಅವ್ವನ ತವರಿನ ಕಟ್ಟಾಣಿ ಒಂದೇ, ಕೊರಳಿಗೆ ಒತ್ತಿ ನಿಲ್ಲುವ ಚಿನ್ನದ ಗುಂಡಿನ ಸರ. ನನ್ನ ಮದುವೆಯವರೆಗೆ ತಾನು ಕಾಪಾಡುತ್ತೇನೆ ಎಂದು ಸೋದರಮಾವ ಬಂದು ಕೂತ. ಅಜ್ಜಿಯದು ಬೇರೆ ಹಟ. ಎರಡನೆಯವಳ ಕೊರಳಿಗೆ ಸತ್ತ ಮೊದಲನೆಯವಳ ರೂಪ ಮೂಡಿಸಿದ ಬಿಲ್ಲೆ ಕಟ್ಟುವುದು ನಮ್ಮಲ್ಲಿ ರೂಢಿ. ಕಟ್ಟದಿದ್ದರೆ ಸತ್ತವಳು ಬಂದು ಕಾಡುತ್ತಾಳೆಂಬ ನಂಬಿಕೆ. “ತಾಯಿ ಸತ್ತ ಮ್ಯಾಲೆ ತಂದೆ ಚಿಕ್ಕಪ್ಪ ಕಣವ್ವ. ಒಂದೆರಡು ಗುಂಡು ಕರಗ್ಸಿ ಬಿಲ್ಲೆ ಮಾಡ್ಸಾಣ, ಬಂದೋಳು ಹೆದರ್ಕಂಡಾದ್ರೂ ಮಕ್ಳಿಗೆ ಇಕ್ತಾಳೆ” ಎಂದಳು.

“ನನ್ನ ದೆವ್ವಕ್ಕೆ ಹೆದರ್ಕಂಡು ಇಕ್ಕೋ ಮುದ್ದೆ ನನ್ನ ಮಕ್ಳ ಮೈಗೆ ಹತ್ತಾಕಿಲ್ಲ,” ಎಂದಳು ಅವ್ವ.

ಸೋದರಮಾವನಿಗೂ ಕೊಡಲಿಲ್ಲ. ತೋವಿನಕೆರೆಯವಳನ್ನು ಹತ್ತಿರ ಕೂರಿಸಿಕೊಂಡು, ಕಟ್ಟಾಣಿಯನ್ನು ಅವಳ ಕೊರಳಿಗೇ ಕಟ್ಟಿದಳು. “ಇದು ಇನ್ನು ನಿಂದೇಯ. ಯಾರೂ ನಿನ್ನ ಕೇಳಾಕಿಲ್ಲ. ಇವಳು ನಿನ್ನ ಮಗಳು ಅಂತ ಅನ್ನಿಸ್ದಾಗ ಏನ್ ಮಾಡ್ಬೇಕೋ ನಿಂಗೇ ತಿಳೀತದೆ.” ಮಾವ ಧೂಳೆಬ್ಬಿಸಿಕೊಂಡು ಎದ್ದುಹೋದ. ಹೆತ್ತ ಮಗಳನ್ನು ಬಿಟ್ಟು ಹೊಡೆದವಳಿಗೆ ಕೊಟ್ಟಳಲ್ಲ ಎಂದು ನನಗೆ ಅವ್ವನ ಮೇಲೆ ಸಿಟ್ಟು ಬಂತು. ಯುಗಾದಿಗೆ ಮುಂಚೆ ಅವ್ವ ಹೋದಳು.

ತೋವಿನಕೆರೆಯವಳು ಚಿಕ್ಕವ್ವನಾಗಿ ಬಂದಳು, ಗದರಿಕೊಂಡೇ ಸಾಕಿದಳು. ಹೇನು ಹೆಕ್ಕುವಾಗ ಗದರುವಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಲೂ ಗದರುವಳು. ಅವಳಿಗೂ ಇಬ್ಬರು ಹೆಣ್ಣುಮಕ್ಕಳಾದರು. ಆಗ ಕಟ್ಟಾಣಿಯ ಆಸೆಯನ್ನು ನಾನು ಬಿಟ್ಟೆನೆಂದೇ ಹೇಳಬೇಕು. ಬಿಟ್ಟರೂ ಕಣ್ಣು ಮಾತ್ರ ಅವಳ ಕೊರಳನ್ನು ಬಿಡುತ್ತಿರಲಿಲ್ಲ. ಮೊಮ್ಮಗಳು ಬರಿಗೊರಳಲ್ಲೇ ಹೋಗುವುದು ಎಂದು ಅಜ್ಜಿ ಸಾಯುವ ತನಕ ಗೊಣಗಿದಳು.

ಸಿರಾದ ಕಡೆಗೆ ನನ್ನನ್ನು ಕೊಟ್ಟರು. ಮದುವೆಯ ಬೆಳಿಗ್ಗೆ ಚಿಕ್ಕವ್ವ ನನ್ನನ್ನು ಒಳಕೋಣೆಗೆ ಕರೆದು ಕದ ಮುಂದೆ ಮಾಡಿದಳು. ಕಟ್ಟಾಣಿ ಬಿಚ್ಚಿ ನನ್ನ ಕೊರಳಿಗೆ ಹಾಕಿ, “ನೆಟ್ಟಗೆ ನಿಂತ್ಕಳೇ, ಗಂಟು ಜಾರ್ತದೆ” ಎಂದು ಅವತ್ತೂ ಗದರಿದಳು. ಒಂದು ಗುಂಡೂ ಕಡಿಮೆಯಾಗಿರಲಿಲ್ಲ. ನಾನು ಅಳುತ್ತ ನಿಂತೆ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ದಾರಕ್ಕೆ ಪೋಣಿಸಿದ ಪುಟ್ಟ ಚಿನ್ನದ ಬಿಲ್ಲೆಯೊಂದನ್ನು ತೆಗೆದಳು. ಅದರ ಮೇಲೆ ಹೆಣ್ಣಿನ ರೂಪವಿತ್ತು. ಅವಳ ಕಿವಿ ನೋಡಿದೆ. ತವರಿಂದ ತಂದಿದ್ದ ಓಲೆ ಇರಲಿಲ್ಲ, ಕಡ್ಡಿ ಸಿಕ್ಕಿಸಿಕೊಂಡಿದ್ದಳು.

“ಅವ್ವ ಇದು ಬ್ಯಾಡ ಅಂದಿದ್ಲಲ್ಲ,” ಎಂದೆ.

“ಹೆದ್ರಿಕೆಗೆ ಬ್ಯಾಡ ಅಂದಿದ್ಲು. ಇಷ್ಟು ದಿವ್ಸ ನಿನ್ನ ಮುಖ ನೋಡಿದ್ರೆ ಅಕ್ಕನ್ನ ನೋಡ್ದಂಗೇ ಆಗ್ತಿತ್ತು. ನೀನೂ ಹೊಂಟೋದ್ರೆ ಅಕ್ಕ ಇಲ್ದೆ ಈ ಮನೇಲಿ ನಾನೊಬ್ಬಳೇ ಹೆಂಗಿರ್ಲಿ? ಕಟ್ಟು.”

ಬೆನ್ನು ತಿರುಗಿಸಿ ನಿಂತಳು. ಗಂಟು ಬೇಗ ಬೀಳಲಿಲ್ಲ. ಆಗ ಮಾತ್ರ ಅವಳು ಗದರಲಿಲ್ಲ, ಕತ್ತು ಬಗ್ಗಿಸಿ ಕಾದಳು. ಕಟ್ಟಿ ಮುಗಿಸಿ “ಆಯ್ತವ್ವ” ಎಂದೆ. ಚಿಕ್ಕವ್ವ ಅನ್ನದೆ ಅವಳನ್ನು ಕರೆದದ್ದು ಅದೇ ಮೊದಲು.