ಅತ್ತೆ ಕೇಳಿದ ರಂಗೂನ್

“ಅದೇನೋ ಊರಂದ್ಯಲ್ಲ, ಇನ್ನೊಂದ್ ಕಿತ ಯೋಳವ್ವ” ಎಂದು ಅತ್ತೆ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳಿದಾಗ ನಾನು ಬೆಚ್ಚಿದೆ. ಐವತ್ತರ ದಶಕದ ಮಾತು. ರಾವಂದೂರಿಗೆ ಸೊಸೆಯಾಗಿ ಬಂದ ಮೇಲೂ ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಏಷ್ಯಾದ ಚರಿತ್ರೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಓದು ಅತ್ತೆಗೆ ಹಿಡಿಸುತ್ತಿರಲಿಲ್ಲ.

“ರಂಗೂನ್” ಎಂದೆ.

“ನಮ್ಮ ದೊಡ್ ಮಗ ಮಿಲಿಟ್ರಿಗೋಗಿ ಸತ್ತದ್ದು ಅಲ್ಲೇ ಕಣವ್ವ.”

ಪುಸ್ತಕದ ನಕ್ಷೆ ತೆರೆದು ಆ ಊರನ್ನು ತೋರಿಸಿದೆ. ಅತ್ತೆ ಹಿಟ್ಟು ಮೆತ್ತಿದ ಬೆರಳನ್ನು ಅದರ ಮೇಲಿಟ್ಟರು.

“ಈಗಲ್ಲಿ ಯಾರ್ದವ್ವ ಆಳ್ವಿಕೆ?”

“ಅಲ್ಲಿಯವರದೇ ಅತ್ತೆ. ನಮ್ಮ ಹಾಗೆ ಅವರಿಗೂ ಸ್ವಾತಂತ್ರ್ಯ ಬಂತು.”

ಬಹಳ ಹೊತ್ತು ಅವರು ಬೆರಳು ತೆಗೆಯಲಿಲ್ಲ. “ಅಂಗಾದ್ರೆ ಒಳ್ಳೇದಾಯ್ತು ಬುಡು. ನೀನು ಓದು, ಅಟ್ಟಿ ಕೆಲ್ಸ ನಾನ್ ನೋಡ್ಕತೀನಿ” ಎಂದರು.

ಆಮೇಲೆ ಮಲಯ, ಸಿಲೋನ್, ಇಂಡೋನೇಷ್ಯಾಗಳ ಪಾಠವನ್ನೂ ಅವರಿಗೆ ಕೇಳುವಂತೆ ಓದಿದೆ. ಪ್ರತಿ ದೇಶದ ಕತೆ ಮುಗಿದಾಗಲೂ ಅವರು ಕೇಳುತ್ತಿದ್ದುದು ಒಂದೇ: “ಮಿಲಿಟ್ರಿಗೋದ ಅವರ ಐಕ್ಳು ಮನೇಗ್ ಬಂದ್ರಾ?” ಪರೀಕ್ಷೆಯಲ್ಲಿ ಪಾಸಾದೆ. ಇಂದಿಗೂ ಯಾವ ದೇಶದ ಚರಿತ್ರೆ ಕೈಗೆತ್ತಿಕೊಂಡರೂ ನಾನು ಮೊದಲು ಹುಡುಕುವುದು ಅತ್ತೆಯ ಆ ಪ್ರಶ್ನೆಗೆ ಉತ್ತರವನ್ನೇ.