ಎರಡು ಟ್ಯಾಂಕರ್ ಕೂಡುವ ದಿನ

ನನ್ನ ಗಂಡ ಚಂದ್ರಪ್ಪ ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಅಡುಗೆಯವರಾಗಿದ್ದರು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ನಾವಿದ್ದದ್ದು ದಿಲ್ಲಿಯ ಅಂಚಿನ ಕಾಲೋನಿ. ಟ್ಯಾಂಕರ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಗಲ್ಲಿಗೆ ನಾಲ್ಕು ದಿನಕ್ಕೊಮ್ಮೆ, ಹಿಂದಿನ ಗಲ್ಲಿಗೆ ಆರು ದಿನಕ್ಕೊಮ್ಮೆ. ಎರಡೂ ನಿಲ್ಲುವುದು ಒಂದೇ ಮೂಲೆಯಲ್ಲಿ. ಎರಡೂ ಬಂದ ದಿನ ಯಾವುದು ಯಾರದೆಂದು ಕೇಳುವವರಿಲ್ಲ. ಸಿಕ್ಕಿದ್ದಕ್ಕೆ ಪೈಪ್ ಹಾಕುವುದು, ಹಾಕಿದವನ ತಲೆ ಒಡೆಯುವುದು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಒಬ್ಬಳು ಬಕೆಟ್ಟಿನಿಂದ ನನ್ನ ಬಾಯಿಗೆ ಬಾರಿಸಿದಳು. ಮುಂದಿನ ಹಲ್ಲು ಕೈಗೆ ಬಂದವು.

ಅವತ್ತು ಸಂಜೆ ನನ್ನ ಗಂಡ ಮಗಳು ಹರ್ಷಿಣಿಯನ್ನು ಎದುರು ಕೂರಿಸಿಕೊಂಡರು.

"ನಾಲ್ಕಕ್ಕೂ ಆರಕ್ಕೂ ಲ.ಸಾ.ಅ. ಎಷ್ಟು ಪುಟ್ಟಾ?"

"ವೋ ಕ್ಯಾ ಹೈ ಅಪ್ಪಾ? ಓ, ಎಲ್‌ಸಿಎಂ! ಹನ್ನೆರಡು."

"ಅದೇ. ಹನ್ನೆರಡು ದಿನಕ್ಕೊಂದ್ಸಲ ಕೂಡ್ತವೆ, ಹೊಡೆದಾಟ ಆಗ್ತದೆ. ಅವರ ಟ್ಯಾಂಕರ್ ಒಂದು ದಿನ ಹಿಂದೆ ಹಾಕಿದ್ರೆ?"

ಅವಳು ಬೆರಳು ಮಡಚಿ ನೋಡಿದಳು. "ಕಭೀ ನಹೀ. ನಮ್ದು ಈವನ್ ಡೇ, ಅವರ್ದು ಆಡ್ ಡೇ. ಮೀಟೇ ಆಗಲ್ಲ."

ಮಾರನೆಯ ದಿನ ಒಂದು ಡಬ್ಬಿ ಮೈಸೂರುಪಾಕು ಕೊಟ್ಟು ಹಿಂದಿನ ಗಲ್ಲಿಯ ಡ್ರೈವರನನ್ನು ಒಪ್ಪಿಸಿದರು. ಇನ್ನು ಎರಡೂ ಕೂಡುವುದಿಲ್ಲ, ದೊಣ್ಣೆ ಮನೆಯಲ್ಲಿಡಿ ಎಂದು ಎರಡೂ ಗಲ್ಲಿಗೆ ಹೇಳಿ ಬಂದರು. ನಮ್ಮ ಗಲ್ಲಿಯವರು ನಂಬಿದರು. ಒಂದು ತಿಂಗಳು ಯಾರಿಗೂ ರಕ್ತ ಬರಲಿಲ್ಲ.

ಆಮೇಲೆ ನಮ್ಮ ಟ್ಯಾಂಕರ್ ದಾರಿಯಲ್ಲಿ ಕೆಟ್ಟು ಒಂದು ದಿನ ತಡವಾಗಿ ಬಂತು. ನೀರು ಬಂತಲ್ಲ ಎಂದುಕೊಂಡರು ನಮ್ಮ ಗಲ್ಲಿಯವರು. ಅಲ್ಲಿಂದ ಮುಂದಕ್ಕೆ ನಾಲ್ಕು ನಾಲ್ಕು ದಿನ ಎಣಿಸಿದರೆ ಎರಡೂ ಮತ್ತೆ ಕೂಡುತ್ತವೆಂದು ಇವರಿಗೂ ತೋಚಲಿಲ್ಲ.

ಕೂಡಿದವು. ಹಿಂದಿನ ಗಲ್ಲಿಯವರು ಕಬ್ಬಿಣದ ರಾಡ್ ತಂದರು. ನಮ್ಮವರು ಬರಿಗೈ. ಪಕ್ಕದ ಮನೆಯ ರತ್ನಾಳ ಮೊಣಕೈ ಕಡ್ಡಿಯ ಹಾಗೆ ಮುರಿಯಿತು. ಅವಳ ಗಂಡ ಬಂದು ಇವರ ಕುತ್ತಿಗೆಪಟ್ಟಿ ಹಿಡಿದ.

"ಏ ಮದ್ರಾಸಿ, ಕಹಾಂ ಗಯಾ ತೇರಾ ಹಿಸಾಬ್?"

"ಲೆಕ್ಕ ತಪ್ಪಿದ್ದು ನಂದೇ ಭಾಯ್. ಪೆಹಲೇ ಮಾರ್ನಾ ಬಂದ್ ಕರೋ," ಎಂದು ಇವರು ಎರಡೂ ಗುಂಪಿನ ನಡುವೆ ಹೋಗಿ ಕೈ ಚಾಚಿ ನಿಂತರು.

ಮೊದಲ ಏಟು ಹಿಂದಿನ ಗಲ್ಲಿಯದು, ಕಿವಿಯ ಮೇಲೆ. ಎರಡನೆಯದು ನಮ್ಮ ಗಲ್ಲಿಯದು, ಇಟ್ಟಿಗೆ. ಟ್ಯಾಂಕರಿನ ನಲ್ಲಿಯ ಕೆಳಗೇ ಬಿದ್ದರು. ತಲೆಯಿಂದ ಬಂದದ್ದು ನೀರಿನ ಜೊತೆ ಹರಿಯಿತು. ನಾನೂ ಹರ್ಷಿಣಿಯೂ ಕಾಲು ಹಿಡಿದು ಎಳೆದೆವು. ಯಾರೂ ಜಾಗ ಬಿಡಲಿಲ್ಲ. ಇವರ ಎದೆಯ ಮೇಲೆ ಕಾಲಿಟ್ಟು, ನೀರು ಮುಗಿಯುವವರೆಗೆ ಬಕೆಟ್ ತುಂಬಿಕೊಂಡರು.