ಫ್ಲಾಸ್ಕಿನಲ್ಲಿ ಮಾವನ ಗಂಟಲು

ಮಾವನ ಗಂಟಲಿನ ಕ್ಯಾನ್ಸರ್ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟರು. ಮೈಲಾಪೂರಿನ ಲ್ಯಾಬಿನಲ್ಲಿ ಅದರೊಳಗೆ ಯಾವುದೋ ಪ್ರೋಟೀನ್ ಸಿಕ್ಕರೆ ಹೊಸ ಔಷಧಿ ಕೊಟ್ಟು ನೋಡಬಹುದಂತೆ; ಇಲ್ಲದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಮೇ ತಿಂಗಳ ಬಿಸಿಲಿಗೆ ಮೇಣ ಕರಗೀತೆಂದು ಹೆದರಿ, ಮಗಳ ಫ್ಲಾಸ್ಕಿಗೆ ಐಸ್ ತುಂಬಿ ಅದರಲ್ಲಿಟ್ಟೆ. ಬಸ್ಸಿನಲ್ಲಿ ಹತ್ತು ಸಲ ಮುಚ್ಚಳ ತೆಗೆದು ನೋಡಿದೆ.

ಲ್ಯಾಬಿನವನು ಫ್ಲಾಸ್ಕ್ ಬಗ್ಗಿಸಿದ. ಐಸ್ ಕರಗಿದ ನೀರಿಗೆ ಮೇಣದ ಮೇಲೆ ಅಂಟಿಸಿದ್ದ ಚೀಟಿಯ ಹೆಸರೆಲ್ಲ ಅಳಿಸಿಹೋಗಿತ್ತು.

"ಏನಮ್ಮಾ, ಜ್ಯೂಸ್ ತಂದಿದ್ದೀರಾ? ಈ ಮೇಣ ಬಿಸಿಲಿಗೆಲ್ಲ ಕರಗಲ್ಲ. ಈಗ ಇದು ಯಾರದ್ದು ಅಂತ ಹೇಳಲಿ?"

"ಹತ್ತನೇ ಕ್ಲಾಸಿನವರೆಗೆ ಇದನ್ನ ಯಾರೂ ಕಲಿಸಲಿಲ್ಲ ಸಾರ್. ಕೊಟ್ಟವರೂ ಹೇಳಲಿಲ್ಲ," ಎಂದೆ.

ಅವನು ಮೇಣದ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅದನ್ನು ಕೂರಿಸಿದ್ದ ಪ್ಲಾಸ್ಟಿಕ್ ಚೌಕಟ್ಟಿನ ಅಂಚಿನಲ್ಲಿ ಆಸ್ಪತ್ರೆಯವರು ಪೆನ್ಸಿಲ್ಲಿನಲ್ಲಿ ಬರೆದ ನಂಬರ್ ಹಾಗೇ ಇತ್ತು. "ಇದಿದ್ದರೆ ಸಾಕು," ಎಂದು ಒಳಗೆ ತೆಗೆದುಕೊಂಡ.

ಮನೆಯಲ್ಲಿ ಮಾವ, "ಮಗುವಿನ ಫ್ಲಾಸ್ಕೇ ಬೇಕಿತ್ತಾ?" ಎಂದು ಪಿಸುದನಿಯಲ್ಲೇ ಬೈದರು. ಆ ಪ್ರೋಟೀನ್ ಸಿಕ್ಕಿ ಔಷಧಿ ಹಿಡಿದರೆ ಜೋರಾಗಿಯೇ ಬೈಯುತ್ತಾರೆ. ಅದಕ್ಕೇ ತಾನೇ ನಾನು ಅಷ್ಟು ದೂರ ಹೊತ್ತಿದ್ದು!